ಲೀಟರಿಗೆ ಬಗ್ಗದವರು

ಸೇರು, ಪಾವು, ಚಟಾಕುಗಳನ್ನೆಲ್ಲ ಸರಕಾರ ತೆಗೆದುಹಾಕಿ ಎಷ್ಟೋ ಕಾಲವಾಯಿತು. ಆದರೆ ಕಾರವಾರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಕೂತ ನನ್ನಂಥವಳಿಗೆ, ಆ ಸುದ್ದಿ ಎಲ್ಲರಿಗೂ ಮುಟ್ಟಿಲ್ಲ ಎಂಬುದು ವಾರಕ್ಕೊಮ್ಮೆಯಾದರೂ ಗೊತ್ತಾಗುತ್ತದೆ. ಗೊತ್ತಾಗುವ ಹೊತ್ತಿಗೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ನಗು ಬರುವುದು ಆಮೇಲೆ, ಎಲ್ಲ ಸರಿಯಾಗಿ ಒಂದು ಲೋಟ ಚಹಾ ಕುಡಿದ ಮೇಲೆ.

ಒಂದು ಚಮಚ

ಚಿತ್ತಾಕುಲದಿಂದ ಒಬ್ಬ ಹುಡುಗಿ ಬಂದು ಮಗುವಿನ ಜ್ವರಕ್ಕೆ ಸಿರಪ್ ಒಯ್ದಿದ್ದಳು. ಕಾರವಾರದ ಕಚೇರಿಯೊಂದರಲ್ಲಿ ಕೆಲಸ. ಹಗಲು ಮಗುವನ್ನು ನೋಡಿಕೊಳ್ಳುವುದು ಅತ್ತೆ, ಅವಳ ಬಾಯಲ್ಲಿ ‘ಆಯಿ’. ‘ಐದು ಮಿಲಿ, ಈ ಮುಚ್ಚಳದಲ್ಲಿ ಗೆರೆ ಉಂಟು ನೋಡಿ, ಅಲ್ಲಿವರೆಗೆ ಮಾತ್ರ’ ಎಂದು ನಾನು ಬೆರಳಿಟ್ಟು ತೋರಿಸಿ ಕೊಟ್ಟಿದ್ದೆ.

ಮಾರನೇ ದಿನ ಮಧ್ಯಾಹ್ನ ಅವಳು ಆಟೋದಿಂದ ಇಳಿದವಳೇ ಕೌಂಟರಿಗೆ ಬಂದು ಅಪ್ಪಳಿಸಿದಳು. ಮುಖದಲ್ಲಿ ರಕ್ತವಿಲ್ಲ.

‘ಮೇಡಂ, ಆಯಿಗೆ ಫೋನ್ ಮಾಡಿದ್ದೆ. ಔಷಧ ಕೊಟ್ರಾ ಕೇಳಿದ್ರೆ, ಒಂದು ಚಮಚ ಕೊಟ್ಟೆ ಅಂದ್ರು. ಎಷ್ಟು ಉಳಿದದೆ ಕೇಳಿದ್ರೆ, ಬಾಟ್ಲಿ ಅರ್ಧ ಆಯ್ತು ಅಂದ್ರು. ಮಗು ಬೆಳಿಗ್ಗೆಯಿಂದ ಮಲಗಿಯೇ ಉಂಟಂತೆ!’

ಅರವತ್ತು ಮಿಲಿ ಬಾಟಲಿ. ಅರ್ಧ ಅಂದರೆ ಮೂವತ್ತು. ಐದು ಕೊಡಬೇಕಾದಲ್ಲಿ ಮೂವತ್ತು! ಅಂಗಡಿಯ ಬಾಗಿಲು ಎಳೆದು ಅದೇ ಆಟೋದಲ್ಲಿ ಕೂತೆ. ಕಾಳಿ ಸೇತುವೆ ದಾಟುವಾಗ ಅವಳು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿದ್ದಿತ್ತು. ಮಗುವನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋಗುವುದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆವು.

ಒಳಗೆ ಹೋದರೆ ಮಗು ತೊಟ್ಟಿಲಲ್ಲಿ ಎದ್ದು ಕೂತು ತನ್ನ ಹೆಬ್ಬೆರಳು ಚೀಪುತ್ತಿದೆ. ಪಕ್ಕದಲ್ಲಿ ಅಜ್ಜಿ.

‘ಯಾವ ಚಮಚ ಆಯೀ? ತೋರಿಸಿ’ ಎಂದೆ.

ಅಜ್ಜಿ ಅಡುಗೆಮನೆಯಿಂದ ಪಾಯಸ ಬಡಿಸುವ ಸೌಟು ತಂದು ಹಿಡಿದರು. ಸೊಸೆ ‘ದೇವಾ!’ ಎಂದು ಗೋಡೆಗೆ ಒರಗಿದಳು.

‘ಮುಚ್ಚಳ ಎಲ್ಲಿ ಹೋಯ್ತು?’

‘ಅದಾ? ಚಲೋ ಇತ್ತು. ದೇವರ ಮುಂದೆ ತೀರ್ಥ ಇಡೂಕೆ ತಕ್ಕೊಂಡೆ.’

‘ಈ ಸೌಟು ತುಂಬ ಮಗುವಿಗೆ ಕುಡಿಸಿದ್ರಾ?’

ಅಜ್ಜಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ‘ಇಷ್ಟು ದೊಡ್ಡದು ಮಗುವಿನ ಬಾಯಿಗೆ ಹೋಗ್ತದಾ ಬಾಯೇ? ಸೌಟಿನ ತುದಿಯಿಂದ ಸ್ವಲ್ಪ ನೆಕ್ಕಿಸಿದೆ. ಹಠ ಮಾಡ್ತು. ಉಳಿದದ್ದು ಚೆಲ್ಲೂದು ಎಂತಕ್ಕೆ ಅಂತ ನಾನೇ ಕುಡಿದೆ.’

ನಾವಿಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಅಜ್ಜಿ ಮಾತ್ರ ನನ್ನ ಹತ್ತಿರ ಸರಿದು ದನಿ ತಗ್ಗಿಸಿ ಹೇಳಿದರು: ‘ಎಷ್ಟೋ ವರ್ಷದ ಮಂಡಿನೋವು, ಇವತ್ತು ಇಲ್ಲ ಕಾಣು. ನನಗೂ ಒಂದು ಬಾಟ್ಲಿ ಇದೇ ಕೊಡು. ಮುಚ್ಚಳ ಇದ್ದದ್ದೇ ಕೊಡು, ಇನ್ನೊಂದು ದೇವರಿಗೆ ಬೇಕು.’

ಮಾವನ ಲೆಕ್ಕ

ನನ್ನ ಮಾವ ಹಳೇ ಕಾಲದ ಕಂಪೌಂಡರ್. ಔಷಧವನ್ನು ಔನ್ಸು, ಡ್ರಾಮಿನಲ್ಲಿ ಅಳೆದು, ಬಾಟಲಿಯ ಬೆನ್ನಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ‘ಹೊತ್ತಿಗೆ ಒಂದು ಗುರುತು’ ಎಂದು ಕೊಡುತ್ತಿದ್ದವರು. ಮಿಲಿಲೀಟರ್ ಅಂದರೆ ಅವರಿಗೆ ಇವತ್ತಿಗೂ ನಿನ್ನೆ ಮೊನ್ನೆ ಬಂದ ಸೊಸೆ ಇದ್ದ ಹಾಗೆ. ಕೆಲಸ ಮಾಡುತ್ತಾಳೆ, ಆದರೆ ನಂಬಿಕೆಯಿಲ್ಲ.

ಅವರಿಗೆ ಹೃದಯದ ತೊಂದರೆಯಾಗಿ ಕಾಲು ಬಾತಿತು. ಡಾಕ್ಟರು ಖಡಕ್ಕಾಗಿ ಹೇಳಿದರು: ದಿನಕ್ಕೆ ಒಂದು ಲೀಟರ್ ನೀರು, ಅದರ ಮೇಲೆ ಒಂದು ಹನಿಯೂ ಇಲ್ಲ. ನಾನು ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿಸಿ ಅವರ ಕುರ್ಚಿಯ ಪಕ್ಕ ಇಡತೊಡಗಿದೆ. ‘ಮೂವತ್ತೈದು ಔನ್ಸು’ ಎಂದು ಮಾವ ತಲೆಯಾಡಿಸಿದರು. ಸಂಜೆಗೆ ನೋಡಿದರೆ ಬಾಟಲಿಯಲ್ಲಿ ಇನ್ನೂ ನೀರು ಉಳಿದಿರುತ್ತಿತ್ತು. ಇಷ್ಟು ವಿಧೇಯ ರೋಗಿ ಇನ್ನೊಬ್ಬರಿಲ್ಲ ಎಂದು ನಾವು ಹೆಮ್ಮೆಪಟ್ಟೆವು.

ಆದರೆ ಬಾವು ಇಳಿಯಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ನನ್ನನ್ನು ಬದಿಗೆ ಕರೆದು, ‘ಮನೆಯಲ್ಲಿ ಯಾರೋ ಕದ್ದು ನೀರು ಕೊಡ್ತಾ ಇದ್ದಾರೆ. ಹೀಗೇ ಆದ್ರೆ ಕಷ್ಟ’ ಎಂದರು.

ಅಲ್ಲಿಂದ ಮನೆ ಪೊಲೀಸ್ ಠಾಣೆಯಾಯಿತು. ನನ್ನ ಗಂಡನಿಗೆ ತನ್ನ ತಾಯಿಯ ಮೇಲೆ ಸಂಶಯ. ಅತ್ತೆಗೆ ನನ್ನ ಮೇಲೆ. ‘ದೇವರಾಣೆ, ನಾನು ಒಂದು ಲೋಟ ಕೊಟ್ಟಿದ್ರೆ ಕೈ ಕಡಿದು ಬೀಳಲಿ’ ಎಂದು ಅತ್ತೆ ಅತ್ತರು. ಊಟಕ್ಕೆ ಕೂತರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಡೆಗೆ ಒಂದು ಭಾನುವಾರ ನಾನು ಅಂಗಡಿ ಮುಚ್ಚಿ, ಮಾವನ ಎದುರಿಗೇ ಅಕ್ಕಿ ಆರಿಸುತ್ತ ಕೂತೆ.

ಬೆಳಿಗ್ಗೆ ಚಹಾ. ಆಮೇಲೆ ಪೇಪರ್ ಓದುತ್ತ ಇನ್ನೊಂದು ಚಹಾ. ಗಂಜಿ, ತಿಳಿ ಸಮೇತ. ಬಾಗಿಲಿಗೆ ಬಂದವನ ಹತ್ತಿರ ಒಂದು ಎಳನೀರು. ಊಟಕ್ಕೆ ಕೋಕಂ, ಕಾಯಿಹಾಲಿನ ಸೋಲ್ಕಡಿ ಎರಡು ಬಟ್ಟಲು, ಮೇಲಿಂದ ಮಜ್ಜಿಗೆ. ಬಾಟಲಿಯನ್ನು ಮಾತ್ರ ಕೈಯಲ್ಲೂ ಮುಟ್ಟಲಿಲ್ಲ.

‘ಮಾವಾ, ಇದೆಲ್ಲ ಒಂದು ಲೀಟರಿನ ಲೆಕ್ಕಕ್ಕೆ ಬರ್ತದೆ ಅಲ್ಲವಾ?’ ಎಂದೆ.

‘ಹೇಗೆ ಬರ್ತದೆ? ಡಾಕ್ಟ್ರು ಹೇಳಿದ್ದು ನೀರು. ಚಹಾ ತಿಂಡಿ ಲೆಕ್ಕ. ಗಂಜಿ, ಸೋಲ್ಕಡಿ, ಮಜ್ಜಿಗೆ ಊಟದ ಲೆಕ್ಕ.’

‘ಮತ್ತೆ ಎಳನೀರು?’

‘ಅದು ತೆಂಗಿನಕಾಯಿ.’

ನನಗೆ ತಡೆಯಲಿಲ್ಲ. ‘ಹೆಸರಲ್ಲೇ ನೀರು ಉಂಟಲ್ಲ ಮಾವಾ!’

ಮಾವ ಕನ್ನಡಕ ತೆಗೆದು ಒರೆಸಿ, ಬಹಳ ತಾಳ್ಮೆಯಿಂದ ಹೇಳಿದರು: ‘ಹೆಸರಲ್ಲಿ ನೀರು ಉಂಟು ಅಂತ ಅಳೆಯೂದಾದ್ರೆ, ಮೊದಲು ಆ ಬುಟ್ಟಿಯಲ್ಲಿದ್ದ ನೀರುಳ್ಳಿ ಅಳೆದು ಬಾ.’

ದೊಡ್ಡ ದೇಶದ ಸಣ್ಣ ಗ್ಯಾಲನ್

ನಮ್ಮ ಬೀದಿಯಲ್ಲಿ ಒಬ್ಬ ಬೋಟಿನ ಮಾಲೀಕ. ತನ್ನ ಬೋಟಿಗೆ ಎಲ್ಲಿಂದಲೋ ಹಳೇ ವಿದೇಶಿ ಇಂಜಿನ್ನು, ಅದರ ಜೊತೆಗೇ ಬಂದ ಡೀಸೆಲ್ ಟಾಕಿ, ಎರಡನ್ನೂ ಕೂರಿಸಿದ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳಿನ ಸುತ್ತ ಅಂಕಿಗಳು ಗ್ಯಾಲನ್‌ನಲ್ಲಿ. ಅವನಿಗೆ ಅದರಿಂದ ತೊಂದರೆಯೇನೂ ಕಾಣಲಿಲ್ಲ. ಗ್ಯಾಲನ್ನಿಗೆ ನಾಲ್ಕೂವರೆ ಲೀಟರ್ ಎಂದು ಅವನ ಅಪ್ಪ ಕಲಿಸಿದ್ದ ಗುಣಾಕಾರ ಬಾಯಲ್ಲೇ ಇತ್ತು.

ಒಂದು ದಿನ ಸಂಜೆ ಅವನ ಹೆಂಡತಿ ಅಂಗಡಿಗೆ ಬಂದಳು. ತಲೆನೋವಿನ ಮಾತ್ರೆ ಕೇಳಿದಳು, ಕೊಟ್ಟರೆ ತೆಗೆದುಕೊಳ್ಳದೆ ನಿಂತೇ ಇದ್ದಳು.

‘ಮಧ್ಯಾಹ್ನವೇ ಬರ್ತೇನೆ ಅಂದಿದ್ರು ಅಕ್ಕಾ. ಜೊತೆಗೆ ಹೋದ ಬೋಟೆಲ್ಲ ಬಂದವು. ಇವರದ್ದು ಇಲ್ಲ. ಫೋನ್ ಹೋಗ್ತಾ ಇಲ್ಲ.’

ನಾನು ಅವಳ ಜೊತೆ ಬೋಟು ನಿಲ್ಲುವ ಧಕ್ಕೆಗೆ ಹೋದೆ. ಗಾಳಿ ಎದ್ದಿತ್ತು. ಹಿಂದಿರುಗಿದ ಬೋಟುಗಳಿಂದ ಮೀನು ಇಳಿಸುತ್ತಿದ್ದವರು ನಮ್ಮನ್ನು ನೋಡಿ ಮಾತು ನಿಲ್ಲಿಸಿದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವಳು ಮಾತ್ರ ಸೆರಗಿನ ತುದಿಯನ್ನು ಕಚ್ಚಿಕೊಂಡು ನೀರನ್ನೇ ನೋಡುತ್ತಿದ್ದಳು. ಹುಡುಕಲು ಒಂದು ಬೋಟು ಹೊರಟಿತು. ಅದೂ ಸಣ್ಣ ಚುಕ್ಕೆಯಾಗಿ ಮರೆಯಾಯಿತು. ನಾನು ನನಗೆ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ.

ಕತ್ತಲು ಬೀಳುವ ಮೊದಲು ಆ ಚುಕ್ಕೆ ಎರಡಾಗಿ ಕಾಣಿಸಿತು. ಮುಂದೆ ಒಂದು, ಹಗ್ಗ ಕಟ್ಟಿಸಿಕೊಂಡು ಹಿಂದೆ ಇನ್ನೊಂದು. ಧಕ್ಕೆಯಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಮಾಲೀಕ ಇಳಿದು ಬಂದ. ಹೆಂಡತಿ ಅವನ ಅಂಗಿ ಹಿಡಿದು ಒಮ್ಮೆ ಅತ್ತು, ಆಮೇಲೆ ಅದೇ ಅಂಗಿ ಹಿಡಿದು ಬೈಯತೊಡಗಿದಳು.

‘ಡೀಸೆಲ್ ಇತ್ತು ಮಾರಾಯ್ತಿ! ಮುಳ್ಳು ನೋಡಿ, ಗುಣಿಸಿಯೇ ಹೋದದ್ದು. ಲೆಕ್ಕದ ಪ್ರಕಾರ ಮನೆಗೆ ಬಂದು ಮುಟ್ಟಿ ಇನ್ನೂ ಉಳೀಬೇಕಿತ್ತು.’

ಮಾರನೇ ದಿನ ಅವನು ಅಂಗಡಿಗೆ ಬಂದು ಮುಳ್ಳಿನ ಫೋಟೊ ತೋರಿಸಿದ. ಅದು ಅಮೆರಿಕದ ಇಂಜಿನ್ನು. ‘ಅಮೆರಿಕದ ಗ್ಯಾಲನ್ ಸಣ್ಣದು, ನಾಲ್ಕು ಲೀಟರಿಗೂ ಕಡಿಮೆ’ ಎಂದೆ.

‘ಅಷ್ಟು ದೊಡ್ಡ ದೇಶ, ಗ್ಯಾಲನ್ ಸಣ್ಣದಾ?’

‘ಹಿಂದೆ ಇಂಗ್ಲಿಷರು ವೈನ್ ಅಳೆಯೂಕೆ ಒಂದು ಗ್ಯಾಲನ್ ಇಟ್ಟುಕೊಂಡಿದ್ರು. ಅಮೆರಿಕದವರು ಅದನ್ನೇ ಉಳಿಸಿಕೊಂಡ್ರು. ಇಂಗ್ಲಿಷರು ಆಮೇಲೆ ತಮ್ಮದನ್ನ ದೊಡ್ಡದು ಮಾಡಿಕೊಂಡ್ರು. ನಿಮ್ಮ ಅಪ್ಪ ಕಲಿಸಿದ್ದು ಆ ದೊಡ್ಡದು.’

ಅವನು ಫೋಟೊ ದೊಡ್ಡದು ಮಾಡಿ ನೋಡಿದ. ‘ಅಂದ್ರೆ ನನ್ನ ಟಾಕಿಯಲ್ಲಿ ಇದ್ದದ್ದು ವೈನಿನ ಗ್ಯಾಲನ್!’ ಎಂದ. ‘ಅದಕ್ಕೇ ನಡುನೀರಲ್ಲಿ ತೂರಾಡಿ ಬಿದ್ದುಕೊಂಡದ್ದು.’

ದೊಡ್ಡಪ್ಪನ ಸ್ಕ್ಯಾನ್

ಇದನ್ನು ನೆನೆಸಿಕೊಂಡರೆ ಈಗಲೂ ನಾನು ಒಬ್ಬಳೇ ನಗುತ್ತೇನೆ. ಆದರೆ ಆ ದಿನ ನಮ್ಮ ಜೀವವೇ ಬಾಯಿಗೆ ಬಂದಿತ್ತು.

ಅಂಕೋಲಾ ತಾಲೂಕಿನ ಹಿಲ್ಲೂರಿನಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ಎಪ್ಪತ್ತು ದಾಟಿದವರು. ಹೊಟ್ಟೆನೋವು ಶುರುವಾಗಿ ಬಿಡಲೇ ಇಲ್ಲ. ಅಲ್ಲಿಯ ಡಾಕ್ಟರು ಒತ್ತಿ ನೋಡಿ, ‘ಗಡ್ಡೆ ಗಿಡ್ಡೆ ಏನಾದ್ರೂ ಉಂಟಾ, ಒಂದು ಸ್ಕ್ಯಾನ್ ಮಾಡಿಸಿ’ ಎಂದುಬಿಟ್ಟರು. ಗಡ್ಡೆ ಎಂಬ ಮಾತು ಕೇಳಿದ ಮೇಲೆ ಆ ಮನೆಯಲ್ಲಿ ಸರಿಯಾಗಿ ಊಟ ಮಾಡಿದವರಿಲ್ಲ.

ನಾನು ಕಾರವಾರದಲ್ಲಿ ಸ್ಕ್ಯಾನಿಂಗಿಗೆ ಹೇಳಿಟ್ಟು ಫೋನ್ ಮಾಡಿದೆ. ‘ದೊಡ್ಡಪ್ಪಾ, ಕಾರವಾರಕ್ಕೆ ಬಂದ ಮೇಲೆ ಒಂದು ಲೀಟರ್ ನೀರು ಕುಡೀಬೇಕು. ಆಮೇಲೆ ಸ್ಕ್ಯಾನ್ ಮುಗಿಯೂ ತನಕ ಮೂತ್ರಕ್ಕೆ ಹೋಗೂಕಿಲ್ಲ. ಮೂತ್ರಚೀಲ ತುಂಬಿದ್ರೇ ಒಳಗೆ ಸ್ಪಷ್ಟ ಕಾಣೂದು.’

ದೊಡ್ಡಪ್ಪನ ಕಿವಿಗೆ ಬಿದ್ದದ್ದು ಒಂದು ಲೀಟರ್ ಮತ್ತು ಮೂತ್ರಕ್ಕೆ ಹೋಗಬಾರದು, ಇವೆರಡೇ. ಲೀಟರಿನಲ್ಲಿ ಅವರಿಗೆ ನಂಬಿಕೆಯಿಲ್ಲ. ಲೀಟರ್ ಬಂದ ಹೊಸದರಲ್ಲಿ, ಸೇರಿಗಿಂತ ಅದು ದೊಡ್ಡದು ಎಂದು ಹಾಲು ಮಾರುವವರು ಗೊಣಗುತ್ತಿದ್ದದ್ದನ್ನು ಅವರು ಚಿಕ್ಕಂದಿನಲ್ಲಿ ಕೇಳಿದ್ದರು. ಆ ಸೇರು ಸರಕಾರದ್ದು. ಇವರ ಮನೆಯ ಹಿತ್ತಾಳೆ ಸೇರು ಅಜ್ಜನ ಕಾಲದ್ದು, ಅದರಲ್ಲೊಂದು ಮರಿ ಆನೆ ಸ್ನಾನ ಮಾಡಬಹುದು. ಲೀಟರ್ ಸೇರಿಗಿಂತ ದೊಡ್ಡದು ಅಂದಮೇಲೆ ಒಂದು ಸೇರು ಸಾಲದು ಎಂದು, ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ಎರಡು ಸೇರು ಗಟಗಟ ಕುಡಿದರು!

ಬಸ್ಸು ಅಂಕೋಲಾ ಮುಟ್ಟುವ ಮೊದಲೇ ದೊಡ್ಡಮ್ಮನ ಫೋನ್ ಬಂತು.

‘ತಂಗೀ, ಬಸ್ಸಿನ ಟಯರ್ ಹೋಯ್ತು. ಎಲ್ಲರೂ ಇಳಿದು ನಿಂತಿದ್ದೇವೆ.’

‘ದೊಡ್ಡಪ್ಪ ಹೇಗಿದ್ದಾರೆ? ಫೋನ್ ಕೊಡಿ.’

‘ಅವರು ಮಾತಾಡೂದಿಲ್ಲ. ಬಾಯಿ ತೆಗೆದ್ರೆ ಎಲ್ಲಾ ಬಿಟ್ಟುಹೋಗ್ತದಂತೆ. ಮರ ತಬ್ಬಿಕೊಂಡು ನಿಂತಿದ್ದಾರೆ.’

‘ಹಾಗಾದ್ರೆ ಹೋಗಿ ಬರಲಿ ದೊಡ್ಡಮ್ಮಾ! ಇಲ್ಲಿ ಬಂದು ಮತ್ತೆ ಕುಡಿದ್ರೆ ಆಯ್ತು.’

‘ಹೇಳಿದೆ. ತಲೆ ಅಲ್ಲಾಡಿಸ್ತಾರೆ. ಸ್ಕ್ಯಾನಿನಲ್ಲಿ ಏನೂ ಕಾಣದೆ ಗಡ್ಡೆ ಒಳಗೇ ಉಳಿದ್ರೆ ಅಂತ ಹೆದರಿಕೆ.’

ಕಾರವಾರ ನಿಲ್ದಾಣದಲ್ಲಿ ದೊಡ್ಡಪ್ಪ ಇಳಿದದ್ದನ್ನು ನೋಡಿ ನನಗೆ ಅಳು ಬಂತು. ಹಣೆಯಲ್ಲಿ ಬೆವರು, ಕಣ್ಣು ಕೆಂಪು, ಹೆಜ್ಜೆ ಗುಬ್ಬಿಯದ್ದು. ಆಟೋದವನಿಗೆ ‘ಹೊಂಡ ತಪ್ಪಿಸಿ ಹೋಗು ತಮ್ಮಾ’ ಎಂದು ನಾನು, ದೊಡ್ಡಮ್ಮ ಒಟ್ಟಿಗೇ ಕೈಮುಗಿದೆವು. ಸ್ಕ್ಯಾನಿಂಗಿಗೆ ಹೋದರೆ, ತುರ್ತಾಗಿ ಬಂದ ಒಬ್ಬಳು ಬಸುರಿಯನ್ನು ಡಾಕ್ಟರು ಆಗಷ್ಟೇ ಒಳಗೆ ಕರೆದಿದ್ದರು. ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಎದುರಿನ ಗೋಡೆಯ ನಲ್ಲಿಯಿಂದ ಹನಿ ಬೀಳುವುದನ್ನು ನೋಡಿ ಕಣ್ಣು ಮುಚ್ಚಿಕೊಂಡರು.

ಕಡೆಗೂ ಕರೆದರು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟವರೇ ಹುಬ್ಬು ಮೇಲೇರಿಸಿದರು.

‘ಏನ್ರೀ ಇದು! ಕದ್ರಾ ಡ್ಯಾಮ್ ತುಂಬಿದ ಹಾಗೆ ಉಂಟು. ನೀರು ಬಿಟ್ರೆ ಬೇರೆ ಏನೂ ಸರಿ ಕಾಣ್ತಾ ಇಲ್ಲ. ಹೋಗಿ, ಅರ್ಧ ಬಿಟ್ಟು ಬನ್ನಿ. ಅರ್ಧ ಮಾತ್ರ, ಪೂರ್ತಿ ಅಲ್ಲ.’

ದೊಡ್ಡಪ್ಪ ಓಡಿದರು. ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಬಿದ್ದುಬಿಟ್ಟರೋ ಏನೋ ಎಂದು ದೊಡ್ಡಮ್ಮ ಬಾಗಿಲು ಬಡಿಯುವಷ್ಟರಲ್ಲಿ ಅವರು ಹೊರಗೆ ಬಂದರು. ಮುಖದಲ್ಲಿ ಎಂಥ ಶಾಂತಿ!

‘ಅರ್ಧ ಉಳಿಸಿದ್ರಾ ದೊಡ್ಡಪ್ಪಾ?’ ಎಂದೆ.

‘ಅರ್ಧಕ್ಕೆ ನಿಲ್ಲಿಸೂಕೆ ಅದೇನು ರಸ್ತೆ ಕಾಂಟ್ರಾಕ್ಟಾ?’ ಎಂದರು.

ಮತ್ತೆ ಮೊದಲಿಂದ. ಈ ಸಲ ನಾನೇ ಒಂದು ಲೀಟರ್ ಬಾಟಲಿ ತಂದು, ಎದುರಿಗೆ ಕೂತು ಕುಡಿಸಿ, ಕಾದು, ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಯಂತ್ರ ಆಡಿಸುತ್ತ ಒಂದು ಕಡೆ ನಿಲ್ಲಿಸಿದರು. ಇನ್ನೂ ಹತ್ತಿರ ಬಾಗಿದರು. ದೊಡ್ಡಮ್ಮ ತಾಳಿ ಹಿಡಿದುಕೊಂಡಿದ್ದರು. ದೊಡ್ಡಪ್ಪ ಮೇಲಿನ ಮಾಡು ನೋಡುತ್ತ, ‘ಏನಿದ್ರೂ ಹೇಳಿಬಿಡಿ ಡಾಕ್ಟ್ರೇ’ ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

‘ಗಡ್ಡೆ ಇಲ್ಲ. ಸಣ್ಣ ಕಲ್ಲು’ ಎಂದರು ಡಾಕ್ಟರು. ‘ಮೂತ್ರದ ಕಲ್ಲು. ಹೆದರೂದು ಬೇಡ.’

ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಎದ್ದು ಕೂತು, ಎರಡೂ ಕೈ ಜೋಡಿಸಿ, ‘ದೇವರ ಹಾಗೆ ಹೇಳಿದ್ರಿ. ಇದಕ್ಕೆ ಔಷಧ ಏನು ಡಾಕ್ಟ್ರೇ?’ ಎಂದು ಕೇಳಿದರು.

‘ದೊಡ್ಡ ಔಷಧ ಏನೂ ಬೇಡ. ನೀರು ಕುಡೀರಿ. ದಿನಾ ಮೂರು ಲೀಟರ್.’

ದೊಡ್ಡಪ್ಪ ಜೋಡಿಸಿದ ಕೈ ಬಿಟ್ಟರು. ಡಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನಿಧಾನಕ್ಕೆ ಹಾಸಿಗೆಯ ಮೇಲೆ ಅಂಗಾತ ಮಲಗಿದರು.

‘ಡಾಕ್ಟ್ರೇ,’ ಎಂದರು, ‘ಕೊಯ್ದೇ ತೆಗೆದುಬಿಡಿ.’