ಭಾವನ ಹದಿಮೂರು ಕಾರುಗಳು

ನಮ್ಮ ಭಾವನಿಗೆ ಹದಿಮೂರು ಕಾರುಗಳಿವೆ. ಇದನ್ನು ತೆರಿಗೆ ಇಲಾಖೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಪೆನ್ನು ಕೆಳಗಿಡಿ! ಮಾಲೂರಿನ ಅವರ ಮನೆ ಮುಂದೆ ನಿಂತಿರುವುದು ಒಂದೇ ಒಂದು, ಅದೂ ಹತ್ತೊಂಬತ್ತು ವರ್ಷ ಹಳೆಯದು. ಉಳಿದ ಹನ್ನೆರಡು ಬೇರೆಯವರ ಮನೆಗಳಲ್ಲಿವೆ. ದುಡ್ಡು ಕೊಟ್ಟವರೂ ಅವರೇ, ಓಡಿಸುವವರೂ ಅವರೇ. ಆದರೆ "ತಗೋ, ನಾನಿದೀನಿ" ಎಂದವರು ಮಾತ್ರ ನಮ್ಮ ಭಾವ.

ಹದಿಮೂರೂ ಕೊರಿಯಾ ದೇಶದ ಒಂದೇ ಕಂಪನಿಯವು. ಹೆಸರು ಬರೆಯುವುದಿಲ್ಲ. ಬರೆದರೆ ಜಾಹೀರಾತಾಗುತ್ತದೆ, ಮೇಲಾಗಿ ಕಾಗುಣಿತ ತಪ್ಪಿತೆಂದು ಭಾವನಿಂದ ಫೋನ್ ಬರುತ್ತದೆ. ನಮ್ಮ ಕಡೆ ಯಾರೂ ಜಾಹೀರಾತು ನೋಡಿ ಕಾರು ಕೊಳ್ಳುವುದಿಲ್ಲ. ಈಗಾಗಲೇ ಇಟ್ಟುಕೊಂಡವರ ಮನೆಗೆ ಹೋಗಿ, ಕಾಫಿ ಕುಡಿದು, ಹುಡುಗಿಯ ಮನೆತನ ವಿಚಾರಿಸುವ ಹಾಗೆ ವಿಚಾರಿಸುತ್ತಾರೆ. ಬುದ್ಧಿವಂತರು "ನೋಡ್ಕೊಂಡು ತಗೊಳಪ್ಪಾ" ಎಂದು ಜಾರಿಕೊಳ್ಳುತ್ತಾರೆ. ಏಕೆಂದರೆ "ತಗೋ" ಎಂದವನ ಕಥೆ ಮುಗಿಯಿತು! ಮುಂದೆ ವೈಪರ್ ಕಿರುಗುಟ್ಟಿದರೂ, ಎಸಿ ತಣ್ಣಗಾಗದಿದ್ದರೂ, ಫೋನು ಹೋಗುವುದು ಶೋರೂಮಿಗಲ್ಲ, "ತಗೋ" ಎಂದವನಿಗೆ. ಭಾವ ಅದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕರೆದಲ್ಲಿಗೆ ಹೋಗುವುದು ಮೈಗೆ ಹತ್ತಿದ ಚಾಳಿ. ಹನ್ನೆರಡರಲ್ಲಿ ಹನ್ನೊಂದು ಮನೆಯವರು ಅವರನ್ನು ಕರೆಯುತ್ತಲೇ ಇರುತ್ತಾರೆ. ಹನ್ನೆರಡನೆಯದು ಹುತ್ತೂರಿನಲ್ಲಿರುವ ಅವರ ಸ್ವಂತ ತಮ್ಮನ ಮನೆ. ಅಲ್ಲಿಂದ ನಾಲ್ಕು ವರ್ಷ ಫೋನೇ ಬಂದಿರಲಿಲ್ಲ. ಆ ವಿಷಯಕ್ಕೆ ಬರುತ್ತೇನೆ.

ಹನ್ನೊಂದರಲ್ಲಿ ನಾನೂ ಒಬ್ಬ. ನಾನು ಹುಟ್ಟಾ ಗಾಬರಿ ಮನುಷ್ಯ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಕೋಲಾರದಿಂದ ಅರ್ಧ ದಾರಿ ಹೋಗಿ ವಾಪಸು ಬಂದವನು. ಅಂಥವನ ಕೈಗೆ ಕಾರು ಕೊಟ್ಟರೆ ಏನಾದೀತು? ಕೊಂಡ ಎರಡನೇ ವಾರವೇ ಹಿಂದಿನಿಂದ ದಡ್... ದಡ್... ಎಂದು ಸದ್ದು ಶುರುವಾಯಿತು. ತಿರುವಿನಲ್ಲಿ ಒಂದು ಸಲ, ಹಂಪಿನಲ್ಲಿ ಎರಡು ಸಲ. ಆಕ್ಸೆಲ್ ತುಂಡಾಗಿದೆಯೆಂದು ನಿರ್ಧರಿಸಿ, ಹೆಂಡತಿಯನ್ನು ಬಸ್ಸು ಹತ್ತಿಸಿ ಕಳಿಸಿ, ರಸ್ತೆ ಬದಿಯಲ್ಲಿ ನಿಂತು ಭಾವನಿಗೆ ಫೋನ್ ಮಾಡಿದೆ. ಮಾಲೂರಿನಿಂದ ಬಂದರು. ಡಿಕ್ಕಿ ತೆರೆದರು. ಹಿಂದಿನ ದಿನ ದೇವಸ್ಥಾನದಲ್ಲಿ ಕೊಟ್ಟ ತೆಂಗಿನಕಾಯಿ ಮೂಲೆಯಿಂದ ಮೂಲೆಗೆ ಉರುಳಾಡುತ್ತಿತ್ತು!

ನಗುತ್ತಾರೆಂದುಕೊಂಡೆ. ನಗಲಿಲ್ಲ. ಕಾಯಿಯನ್ನು ಕೈಯಲ್ಲಿ ಹಿಡಿದು ಗಂಭೀರವಾಗಿ ಹೇಳಿದರು: "ಒಂದು ಕಾಯಿ ಇಷ್ಟು ಆರಾಮಾಗಿ ಓಡಾಡ್ಬೇಕು ಅಂದ್ರೆ ಎಷ್ಟು ಜಾಗ ಕೊಟ್ಟಿರ್ಬೇಕು, ಅದನ್ನ ನೋಡಯ್ಯಾ ಬಾಮೈದ!"

ಅವರ ಕಣ್ಣಿಗೆ ಕಂಪನಿಯ ತಪ್ಪು ಎಂಬುದೇ ಬೀಳುವುದಿಲ್ಲ. ಒಮ್ಮೆ ಶ್ರೀನಿವಾಸಪುರದ ರಸ್ತೆಯಲ್ಲಿ ಅವರ ಗಾಡಿಯೇ ಉಸಿರು ನಿಲ್ಲಿಸಿತು. ನಾನೂ ಅಕ್ಕನೂ ಒಳಗಿದ್ದೆವು. ಬೇರೆಯವರಾಗಿದ್ದರೆ ಬಾನೆಟ್ ಎತ್ತಿ, ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದರು. ಇವರು ಗಾಡಿಯನ್ನು ಮಾವಿನ ತೋಪಿನ ನೆರಳಿಗೆ ತಳ್ಳಿಸಿ (ತಳ್ಳಿದವನು ನಾನು), ಚಾಪೆ ಹಾಸಿ, ಅಕ್ಕನ ಕೈಲಿ ಬುತ್ತಿ ಬಿಚ್ಚಿಸಿದರು. ಬೈಕಿನಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ನಿಲ್ಲಿಸಿ, "ಏಮನ್ನಾ, ಬಂಡಿ ನಿಲ್ಚಿಪೋಯಿಂದಾ?" ಎಂದು, ಗಾಡಿ ನಿಂತುಹೋಯಿತೇ ಎಂದು ತೆಲುಗಿನಲ್ಲಿ ಕೇಳಿದರು.

"ಏ, ಇಲ್ಲಪ್ಪಾ! ಗಾಳಿ ಚೆನ್ನಾಗಿದೆ ಅಂತ ನಿಲ್ಸಿದೀನಿ. ಬಾ, ಚಿತ್ರಾನ್ನ ತಿನ್ನು."

ಅವರು ಚಿತ್ರಾನ್ನ ತಿಂದು, ಕೈ ತೊಳೆದು, ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆಯೇ ಬಾನೆಟ್ ಎತ್ತಿದ್ದು. ಒಳಗೆ ಇಲಿ ಎರಡು ವೈರು ಕಡಿದಿತ್ತು. ಅಕ್ಕ ಬಿಡಲಿಲ್ಲ. "ಏನೋ ಹೊಗಳ್ತಿದ್ರಿ ನಿಮ್ಮ ಗಾಡೀನ. ನಡುರಸ್ತೇಲಿ ಕೆಟ್ಟು ಕೂತಿದೆ ನೋಡಿ."

"ಯಾವುದೇ ಕೆಟ್ಟಿರೋದು?" ಭಾವನ ಧ್ವನಿ ಏರಿತು. "ಇಲಿ ನಮ್ಮ ಮಾಲೂರಿಂದು ಕಣೇ, ಕೊರಿಯಾದ್ದಲ್ಲ!"

ಅಂದಿನಿಂದ ನಮ್ಮ ಮನೆಗಳಲ್ಲಿ ಒಂದು ಶಾಸನ ಜಾರಿಯಾಯಿತು. ಭಾವನ ಮುಂದೆ ಅವರ ಕಾರಿನ ಬಗ್ಗೆ "ಕೆಟ್ಟಿದೆ" ಎಂಬ ಮಾತು ಆಡುವಂತಿಲ್ಲ. ಅದು "ಸುಧಾರಿಸಿಕೊಳ್ಳುತ್ತಿದೆ", "ಇವತ್ತು ಯಾಕೋ ಮನಸ್ಸಿಲ್ಲ", ಹೆಚ್ಚೆಂದರೆ "ಬ್ಯಾಟರಿಗೆ ಶೀತ".

ವೇಮಗಲ್‌ನಲ್ಲಿ ನಡೆದದ್ದು ಇನ್ನೂ ಒಂದು ತೂಕ ಹೆಚ್ಚು. ಅಲ್ಲಿನ ಕಾರ್ಖಾನೆಯೊಂದಕ್ಕೆ ಬಂದಿದ್ದ ವಿದೇಶಿ ಎಂಜಿನಿಯರ್ ಒಬ್ಬರು ಹೋಟೆಲಿನಲ್ಲಿ ಇಡ್ಲಿಯ ಜೊತೆ ಹೋರಾಡುತ್ತಿದ್ದರು. ಭಾವ ನೇರ ಹೋಗಿ ಅವರ ಎರಡೂ ಕೈ ಹಿಡಿದು, ತಮಗೆ ಬರುವ ಅಷ್ಟೂ ಇಂಗ್ಲಿಷನ್ನು ಖರ್ಚು ಮಾಡಿ, ಹೊರಗೆ ನಿಂತಿದ್ದ ಗಾಡಿ ತೋರಿಸಿ, "ನಿಮ್ಮೋರು ಬಹಳ ಒಳ್ಳೆ ಕೆಲಸ ಮಾಡಿದಾರೆ, ಮನೇಲಿ ಎಲ್ಲರಿಗೂ ಹೇಳಿ" ಎಂಬ ಅರ್ಥ ಬರುವಂತೆ ಕೃತಜ್ಞತೆ ಸಲ್ಲಿಸಿದರು. ಅವರ ಬಿಲ್ಲನ್ನೂ ಕೊಟ್ಟರು. ಆ ಮನುಷ್ಯ ಎದ್ದು ಸೊಂಟ ಬಗ್ಗಿಸಿ ನಮಸ್ಕರಿಸಿ, ತಾನು ಜಪಾನಿನವನೆಂದ.

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಭಾವನಿಗೇನೂ ಎನಿಸಲಿಲ್ಲ. "ಅಕ್ಕಪಕ್ಕದ ಮನೆಯೋರು ತಾನೆ? ಸಿಕ್ಕಾಗ ಹೇಳ್ತಾರೆ ಬಿಡು" ಎಂದರು.

ಇಂಥವರು ತಮ್ಮನೊಡನೆ ಮಾತು ಬಿಟ್ಟರಲ್ಲ, ಯಾಕೆ? ಅದಕ್ಕೂ ಕಾರೇ ಕಾರಣ.

ತಮ್ಮ ಹುತ್ತೂರಿನಲ್ಲಿ ರೇಷ್ಮೆ ಮಾಡಿಕೊಂಡು, ನಾಲ್ಕು ಸೀಮೆಹಸು ಕಟ್ಟಿಕೊಂಡಿರುವ ಮನುಷ್ಯ. ಅಣ್ಣ ಹೇಳಿದನೆಂದು ಅದೇ ಕಂಪನಿಯ ಕಾರು ಕೊಂಡ. ಶುರುವಿನಲ್ಲಿ ಹಿಂದಿನ ಸೀಟಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಂತು. ಭಾವ ಹಲ್ಲು ಕಚ್ಚಿ ಸಹಿಸಿದರು. ಆಮೇಲೆ ರೇಷ್ಮೆಗೂಡಿನ ಮೂಟೆ ಬಂತು. ಮೂಗು ಮುಚ್ಚಿ ಸಹಿಸಿದರು. ಒಂದು ದಿನ ಹುಷಾರು ತಪ್ಪಿದ ಕರುವನ್ನೇ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೋಲಾರದ ಪಶು ಆಸ್ಪತ್ರೆಗೆ ಹೋದ. ಕರು ದಾರಿಯುದ್ದಕ್ಕೂ ಏನೇನು ಮಾಡಬೇಕೋ ಎಲ್ಲವನ್ನೂ ಸೀಟಿನ ಮೇಲೆ ಮಾಡಿತು.

ಅದಾದ ವಾರಕ್ಕೆ ನೆಂಟರ ಮನೆಯ ನಾಮಕರಣ. ತೆರೆದ ಕಾರಿನ ಬಾಗಿಲಿಂದ ವಾಸನೆ ಮೊದಲು ಇಳಿಯಿತು, ತಮ್ಮ ಆಮೇಲೆ. ಭಾವ ನಲವತ್ತು ಜನರ ಮುಂದೆ ಶುರು ಮಾಡಿದರು. "ಇದೇನು ಕಾರಾ, ಕೊಟ್ಟಿಗೇನಾ? ಐದು ಜನ ಕೂರೋ ಗಾಡಿ ಕಣೋ ಇದು!"

"ಕರು ಸೇರಿ ಮೂರೇ ಜನ ಇದ್ವಿ ಅಣ್ಣ" ಎಂದ ತಮ್ಮ. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆ ನಗು ಭಾವನಿಗೆ ಚುಚ್ಚಿತು. ಮರ್ಯಾದೆ ಗೊತ್ತಿಲ್ಲದವನು ಅಂದರು, ಇನ್ನೂ ಏನೇನೋ ಅಂದರು. ಕೊನೆಗೆ ತಮ್ಮ ಮೆಲ್ಲಗೆ ಕೇಳಿದ: "ಕರು ಬದುಕ್ತು, ಸೀಟು ಹೋಯ್ತು. ನಿನಗೆ ಯಾವುದು ಹೆಚ್ಚಣ್ಣ?"

ಸಿಟ್ಟಿನಲ್ಲಿದ್ದ ಭಾವ "ಸೀಟೇ!" ಎಂದುಬಿಟ್ಟರು.

ಎಂಥ ಮಾತು ನೋಡಿ! ಬಾಯಿಂದ ಬಿದ್ದ ಮರುಕ್ಷಣ ಅವರ ಮುಖವೇ ಇಳಿಯಿತು. ಆದರೆ ನಲವತ್ತು ಜನರ ಮುಂದೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ತಮ್ಮ ಊಟ ಮಾಡದೆ ಹೋದ. ಅಲ್ಲಿಂದಾಚೆ ನಾಲ್ಕು ವರ್ಷ ಮಾತಿಲ್ಲ. ಅವನು ಕಾರನ್ನು ಮಾರಲಿಲ್ಲ ಎಂಬುದೊಂದೇ ಭಾವನಿಗೆ ಉಳಿದ ಸಮಾಧಾನ.

ಹುತ್ತೂರಿನ ಕಡೆಯವರು ಯಾರು ಸಿಕ್ಕರೂ ವಿಚಾರಣೆ ನಡೆಯುತ್ತಿತ್ತು. ತಮ್ಮನ ಹೆಸರು ಎತ್ತುತ್ತಿರಲಿಲ್ಲ. "ಆ ಬಿಳಿ ಗಾಡಿ ಹೇಗಿದೆಯಪ್ಪಾ? ಬೆಳಗ್ಗೆ ಹೊತ್ತು ಸಲೀಸಾಗಿ ಏಳುತ್ತಾ? ತುಂಬಾ ಭಾರ ಹೊರಿಸ್ತಾರಾ? ಹೊತ್ತಿಗೆ ಸರಿಯಾಗಿ ಆಯಿಲ್ಲು ಗೀಯಿಲ್ಲು ನೋಡ್ಕೋತಾರಾ?" ಉತ್ತರ ಕೊಡುವವನು ಕಾರಿನ ಬಗ್ಗೆಯೇ ಕೊಡುತ್ತಿದ್ದ. ಭಾವ ಅಷ್ಟನ್ನೇ ಕಿವಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದರು. "ಒಂದು ಫೋನ್ ಮಾಡಿ ಭಾವ" ಎಂದು ನಾನು ಎಷ್ಟು ಸಲ ಹೇಳಿಲ್ಲ! "ಗಾಡಿ ಸರಿಯಾಗಿದೆಯಲ್ಲ, ಇನ್ನೇನು ಫೋನು?" ಎಂದು ಪೇಪರ್ ಅಡ್ಡ ಹಿಡಿಯುತ್ತಿದ್ದರು.

ಹೋದ ತಿಂಗಳು ಮುಳಬಾಗಿಲಿನಿಂದ ಕರೆ ಬಂತು. ಅಲ್ಲಿನ ಮೇಷ್ಟರು, ಹನ್ನೊಂದರಲ್ಲಿ ಮಹಾ ತಕರಾರಿನವರು, ಕಾರು ತೊಳೆಯಲು ಹೋಗಿ ಬಾನೆಟ್ ಒಳಗೂ ಪೈಪು ಬಿಟ್ಟಿದ್ದರು. ಹಾರನ್ ನಿಲ್ಲದೆ ಕೂಗಿಕೊಳ್ಳುತ್ತಿತ್ತು. ಭಾವ ಜೊತೆಗೆ ನನ್ನನ್ನೂ ಹೊರಡಿಸಿದರು. ಹಾರನ್ ಒರೆಸಿ ಒಣಗಿಸಿ ಬಾಯಿ ಮುಚ್ಚಿಸಿದ್ದಾಯಿತು. ಮೇಷ್ಟರು ಧನ್ಯವಾದ ಹೇಳುವ ಬದಲು, "ಆದ್ರೂ ನಿಮ್ಮ ಕಂಪನಿ ತಗಡು ತೆಳು ಕಣ್ರೀ" ಎಂದರು.

"ಮೇಷ್ಟ್ರೇ, ನೀವು ಕಾರು ತಗೊಂಡಿದ್ದು ಓಡ್ಸೋಕೋ, ಗುದ್ದೋಕೋ?"

ಮಧ್ಯಾಹ್ನ ಮೂರಕ್ಕೆ ನನಗೆ ಕೋಲಾರದಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಬೇಕಿತ್ತು. ಹೆದ್ದಾರಿಗೆ ಬಂದೆವು. ಸ್ವಲ್ಪ ದೂರದಲ್ಲೇ ಅಡ್ಡರಸ್ತೆಯಿಂದ ಒಂದು ಬಿಳಿ ಕಾರು ನಮ್ಮ ಮುಂದೆ ಸೇರಿಕೊಂಡಿತು. ಭಾವ ನಂಬರು ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಅದು ಹುತ್ತೂರಿನ ಗಾಡಿ. ಎದುರಿಗೆ ಕುರಿ ಮಂದೆ ಬಂತೆಂದು ಬಿಳಿ ಕಾರು ಗಕ್ಕನೆ ನಿಧಾನವಾಯಿತು. ನಾವು ಒಂದು ಗೇಣಿನಲ್ಲಿ ಗುದ್ದುವುದು ತಪ್ಪಿತು.

"ನೋಡಿದ್ಯಾ?" ಎಂದರು ಭಾವ, ಬೆವರು ಒರೆಸಿಕೊಳ್ಳುತ್ತ. "ಬ್ರೇಕ್ ಒತ್ತಿದಾನೆ, ಹಿಂದೆ ಲೈಟೇ ಉರೀಲಿಲ್ಲ. ಎರಡೂ ಹೋಗಿದೆ."

"ಪಕ್ಕಕ್ಕೆ ಹೋಗಿ ಹೇಳಿಬಿಡಿ ಭಾವ."

"ನಾನಾ?"

"ನಾನೇ ಫೋನ್ ಮಾಡ್ಲಾ?"

"ಓಡಿಸ್ತಾ ಇರೋನಿಗೆ ಫೋನಾ? ಬುದ್ಧಿ ಇದೆಯೇನಯ್ಯಾ ನಿನಗೆ!"

ಹಿಂದೆ ಕನ್ನಡಿಯಲ್ಲಿ ಟೊಮ್ಯಾಟೊ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಭಾವ ಒಮ್ಮೆ ಅವುಗಳನ್ನು ನೋಡಿದರು, ಒಮ್ಮೆ ಮುಂದಿನ ಕಾರನ್ನು ನೋಡಿದರು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ, ತಮ್ಮನ ಕಾರಿನ ಬೆನ್ನಿಗೆ ತಮ್ಮ ಕಾರನ್ನು ಅಂಟಿಸಿಕೊಂಡೇ ಓಡಿಸತೊಡಗಿದರು. ಅವನ ಬ್ರೇಕ್ ಲೈಟು ಇವರೇ ಆದರು! ಯಾವ ಲಾರಿಯೂ ನಡುವೆ ನುಗ್ಗುವಂತಿಲ್ಲ. ಬಂದು ಗುದ್ದುವುದಾದರೆ ಮೊದಲು ನಮಗೇ ಗುದ್ದಬೇಕು. ನಮಗೆ ಎಂದರೆ ನನಗೂ! ಈ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ವಿಚಿತ್ರವೆಂದರೆ ಮುಂದಿನ ಕಾರು ನಿಧಾನವಾಗತೊಡಗಿತು. ಅರವತ್ತು, ನಲವತ್ತು, ಮೂವತ್ತು. ಅದು ನಿಧಾನವಾದಷ್ಟೂ ಭಾವ ನಿಧಾನವಾದರು. ಹಿಂದಿನ ಲಾರಿಯವನ ಬಾಯಿಂದ ಬಂದ ತೆಲುಗು ಮಾತುಗಳನ್ನು ಇಲ್ಲಿ ಬರೆಯಲಾರೆ. ಎಡಪಕ್ಕದಲ್ಲಿ ಎತ್ತಿನಗಾಡಿಯೊಂದು ನಮ್ಮನ್ನು ಹಿಂದಿಕ್ಕಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಆದರೆ ಹಾಗೆಯೇ ಅನ್ನಿಸಿತು. ನನ್ನ ಹಲ್ಲಿನ ನೋವು ಹೆದರಿಕೆಯಲ್ಲಿ ತಾನಾಗಿ ವಾಸಿಯಾಯಿತು.

ಕೊನೆಗೆ ಎಳನೀರು ಮಾರುವವನೊಬ್ಬನ ಬಳಿ ಬಿಳಿ ಕಾರು ಪಕ್ಕಕ್ಕೆ ನಿಂತಿತು. ನಾವೂ ನಿಂತೆವು. ತಮ್ಮ ಇಳಿದು ಬಂದ. ಕಿವಿಯ ಬಳಿ ಪೂರಾ ನರೆತಿತ್ತು. ಭಾವ ಅದನ್ನೇ ನೋಡುತ್ತಿದ್ದರು. ಕಿಟಕಿಗೆ ಬಗ್ಗಿ ಅವನು ಕೇಳಿದ:

"ಏನಾಯ್ತಣ್ಣ? ಆಗ್ಲಿಂದ ಕನ್ನಡೀಲಿ ನೋಡ್ತಾ ಇದೀನಿ, ನಾಲ್ಕೂ ಲೈಟು ಹಾಕ್ಕೊಂಡು ಕುಂಟ್ತಾ ಬರ್ತಾ ಇದೀಯ. ಬಿಟ್ಟು ಮುಂದೆ ಹೋಗೋಕೆ ಮನಸ್ಸಾಗ್ಲಿಲ್ಲ. ಗಾಡಿ ಕೆಟ್ಟಿದೆಯಾ?"

ನಾನು ಕಣ್ಣು ಮುಚ್ಚಿಕೊಂಡೆ. ಆಡಬಾರದ ಮಾತು ಆಡಿಬಿಟ್ಟಿದ್ದ! ಇಲಿಯ ಜಾತಕ ಬರುತ್ತದೋ, ಕೊರಿಯಾದ ಚರಿತ್ರೆ ಬರುತ್ತದೋ, ಇನ್ನೂ ನಾಲ್ಕು ವರ್ಷ ಮಾತಿಲ್ಲದಿರುವುದು ಖಾತ್ರಿ ಎಂದುಕೊಂಡೆ. ಗಾಡಿಗೆ ಏನೂ ಆಗಿರಲಿಲ್ಲ. ಎಂಜಿನ್ನು ಬೆಕ್ಕು ಗುರುಗುಟ್ಟುವ ಹಾಗೆ ನುಣ್ಣಗೆ ಓಡುತ್ತಿತ್ತು. ಭಾವ ಕೀಲಿ ತಿರುಗಿಸಿ ಅದನ್ನು ಆಫ್ ಮಾಡಿದರು.

"ಹೂಂ ಕಣೋ" ಎಂದರು. "ಕೆಟ್ಟಿದೆ. ಎಳೀತಾನೇ ಇಲ್ಲ."

ತಮ್ಮ ಬಾನೆಟ್ ಎತ್ತಿಸಿದ. ಬಗ್ಗಿ ಅಲ್ಲಿ ಇಲ್ಲಿ ಎರಡು ವೈರು ಅಲುಗಾಡಿಸಿದ. "ಇದು ಸಡಿಲ ಆಗಿತ್ತು ನೋಡು" ಎಂದ. ಮೂವತ್ತು ವರ್ಷ ಕಂಬ ಹತ್ತಿ ವೈರು ಬಿಗಿದ ಭಾವ, "ಹೌದಾ? ನನಗೆ ಕಾಣಿಸ್ಲೇ ಇಲ್ಲ ನೋಡು" ಎಂದರು. ಕೀಲಿ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಎದ್ದಿತು. "ನೀನು ಮುಟ್ಟಿದ ಕೂಡ್ಲೇ ಸರಿಹೋಯ್ತು" ಎಂದು ಒಪ್ಪಿಕೊಂಡು, ಆಮೇಲೆ ಮೆಲ್ಲಗೆ, "ನಿನ್ನ ಬ್ರೇಕ್ ಲೈಟು ಉರೀತಿಲ್ಲ" ಎಂದರು.

"ಅಯ್ಯೋ! ಯಾವಾಗಿಂದ?"

"ನನಗೇನು ಗೊತ್ತು? ಇವತ್ತು ತಾನೆ ನಿನ್ನ ಹಿಂದೆ ಬಂದೆ."

ಭಾವ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಒಂದು ಫ್ಯೂಸು ಹುಡುಕಿ ತಮ್ಮನ ಕಾರಿಗೆ ಹಾಕಿದರು. ನನ್ನನ್ನು ಅದರ ಸ್ಟೇರಿಂಗ್ ಮುಂದೆ ಕೂರಿಸಿ, ಬ್ರೇಕ್ ಒತ್ತಲು ಹೇಳಿ ಇಬ್ಬರೂ ಹಿಂದಕ್ಕೆ ಹೋದರು. ಒತ್ತಿದೆ.

"ಉರೀತಾ?" ಎಂದು ಕೂಗಿದೆ. ಉತ್ತರವಿಲ್ಲ.

ಗಾಬರಿಯಾಗಿ ಕನ್ನಡಿ ನೋಡಿದೆ. ಇಬ್ಬರೂ ಅಲ್ಲೇ ನಿಂತಿದ್ದರು. ಇಬ್ಬರೂ ಲೈಟಿನ ಕಡೆ ನೋಡುತ್ತಿರಲಿಲ್ಲ. ಭಾವ ಏನೋ ಹೇಳುತ್ತಿದ್ದರು; ತಮ್ಮ ತಲೆ ತಗ್ಗಿಸಿ ಕೇಳುತ್ತಿದ್ದ. ಅವನ ಅಂಗಿಯ ಮೇಲಿನ ಯಾವುದೋ ಧೂಳನ್ನು ಭಾವ ಮತ್ತೆ ಮತ್ತೆ ಕೊಡವುತ್ತಿದ್ದರು.

ಕಾಲು ಜೋಮು ಹಿಡಿಯಿತು. ಮೂರು ಗಂಟೆ ದಾಟಿತು. ನಾನು ಬ್ರೇಕ್ ಮೇಲಿಂದ ಕಾಲು ತೆಗೆಯಲಿಲ್ಲ.