ಬೇಕರಿಯ ಕೊನೆಯ ಆರ್ಡರ್

ನಿಯಮ ಹಾಕಿಕೊಂಡು ಒಳ್ಳೆಯ ಕೆಲಸ ಮಾಡುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಹಿರೋಷಿಮಾದ ನಮ್ಮ ಸರ್ಕಾರಿ ವಿಶ್ವವಿದ್ಯಾಲಯ ಪ್ರತಿವರ್ಷ ಅಂಗವಿಕಲರು ದುಡಿಯುವ ಸಂಸ್ಥೆಗಳಿಂದ ಒಂದಷ್ಟು ಸಾಮಾನು ಕೊಳ್ಳಬೇಕು. ಹತ್ತಿರದಲ್ಲೇ ಅಂಥದೊಂದು ಬೇಕರಿ ಇತ್ತು. ನಾವು ಕೊಂಡರೆ ಅವರ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

೧. ನಿಷಿದ್ಧ

ಮಾರ್ಚ್ ಬಂದರೆ ಖರೀದಿ ವಿಭಾಗಕ್ಕೆ ವರ್ಷದ ಗುರಿ ನೆನಪಾಗುತ್ತದೆ. ಒಮ್ಮೆ ನಮ್ಮ ರಸಾಯನಶಾಸ್ತ್ರದ ಲ್ಯಾಬಿಗೆ ಪೆಟ್ಟಿಗೆಗಟ್ಟಲೆ ಬಿಸ್ಕತ್ತು ಬಂತು. ಬಾಗಿಲ ಮೇಲೆ ದೊಡ್ಡ ಫಲಕ: ಒಳಗೆ ತಿನ್ನುವಂತಿಲ್ಲ. ಪೆಟ್ಟಿಗೆಗಳ ಜೊತೆ ಬಂದಿದ್ದ ಬೇಕರಿಯ ಮುಖ್ಯಸ್ಥೆ ಗಾಲಿಕುರ್ಚಿಯಲ್ಲಿ ಕೂತು ಫಲಕವನ್ನೇ ಓದುತ್ತಿದ್ದರು. ನಾನು ಖರೀದಿ ಅಧಿಕಾರಿಗೆ ಫೋನ್ ಮಾಡಿದೆ. ಸ್ಪೀಕರ್ ಆನ್ ಆಗಿದ್ದು ಗಮನಿಸಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಇದನ್ನ ಇಲ್ಲಿ ಯಾರೂ ತಿನ್ನೋ ಹಾಗಿಲ್ಲ."

"ಕೊಳ್ಳಬೇಕು ಅಂತ ನಿಯಮ ಇದೆ," ಅಂದರು ಅಧಿಕಾರಿ. "ತಿನ್ನಬೇಕು ಅಂತ ಎಲ್ಲಿದೆ?"

ಬಿಸ್ಕತ್ತು ಗೋದಾಮಿಗೆ ಹೋಯಿತು, ಅಲ್ಲೇ ಬೂಷ್ಟು ಹಿಡಿಯಿತು.

೨. ಸನ್ಮಾನ

ಗುರಿ ಮುಟ್ಟಿದ ಸಂತೋಷಕ್ಕೆ ಮುಖ್ಯಸ್ಥೆಗೆ ಮೂರನೇ ಮಹಡಿಯಲ್ಲಿ ಸನ್ಮಾನ ಇಟ್ಟರು. ಅವತ್ತೇ ಲಿಫ್ಟ್ ರಿಪೇರಿ. ಸಭೆ ಮುಂದೂಡುವುದು ಅಗೌರವವಂತೆ. ಮುಖ್ಯಸ್ಥೆ ಅಂಗಳದಲ್ಲೇ ಉಳಿದರು, ಜೊತೆಗೆ ನಾನು. ಅಧಿಕಾರಿ ಮೇಲಿನ ಬಾಲ್ಕನಿಯಿಂದ ಕೃತಜ್ಞತಾಪತ್ರ ಓದಿ, ಕಂಬಿಯ ಆಚೆಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿದರು.

ಮುಖ್ಯಸ್ಥೆ ತಲೆ ಎತ್ತಿ ನೋಡಿ ಮೆಲ್ಲಗೆ ನನಗೆ ಹೇಳಿದರು: "ಇನ್ನೊಂದು ಚೂರು ಬಾಗಿದರೆ ನಾಳೆಯಿಂದ ನಮ್ಮಲ್ಲೇ ಕೆಲಸ."

೩. ಬೀಳ್ಕೊಡುಗೆ

ಮರುವರ್ಷ ಖರೀದಿ ವಿಭಾಗ ಅಂಗವಿಕಲರೇ ದುಡಿಯುವ ಬೇರೊಂದು ದೊಡ್ಡ ಸಂಸ್ಥೆಯಿಂದ ಲಕೋಟೆ ತರಿಸಿತು. ಅಷ್ಟಕ್ಕೇ ಗುರಿ ಮುಗಿಯಿತು. ಬಿಸ್ಕತ್ತಿಗೆ ಆರ್ಡರ್ ಹೋಗಲಿಲ್ಲ. ಬೇಕರಿ ಮುಚ್ಚುವುದೆಂದಾಯಿತು. ಅಲ್ಲಿ ಹಿಟ್ಟು ನಾದುತ್ತಿದ್ದವರನ್ನು ಬೇರೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಅಧಿಕಾರಿ ನಿಜವಾಗಿ ನೊಂದರು. ಉಡುಗೊರೆ ಇಲ್ಲದೆ ಬೀಳ್ಕೊಡುವುದು ಈ ಊರಿನ ಪದ್ಧತಿಯಲ್ಲ. ಹಾಗಾಗಿ ಒಂದು ಡಬ್ಬಿ ಬಿಸ್ಕತ್ತು ಆರ್ಡರ್ ಮಾಡಿದರು, ಅದೇ ಬೇಕರಿಗೆ. ಒಲೆ ಕೊನೆಯ ಸಲ ಉರಿಯಿತು. ಡಬ್ಬಿಯನ್ನು ಅಂದವಾಗಿ ಸುತ್ತಿ ಮುಖ್ಯಸ್ಥೆಯೇ ತಂದು ಕಚೇರಿಯಲ್ಲಿ ಒಪ್ಪಿಸಿದರು. ಅಧಿಕಾರಿ ರಸೀದಿಗೆ ಮುದ್ರೆ ಒತ್ತಿದರು. ಎದ್ದು ನಿಂತು ಟೈ ಸರಿಮಾಡಿಕೊಂಡು, ಅದೇ ಡಬ್ಬಿಯನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು. ಉಡುಗೊರೆ ಕೊಡುವಾಗ ಇಲ್ಲಿ ಎಲ್ಲರೂ ಹೇಳುವ ವಿನಯದ ಮಾತನ್ನೂ ಮರೆಯಲಿಲ್ಲ:

"ಅಷ್ಟೇನೂ ಚೆನ್ನಾಗಿಲ್ಲ. ದಯವಿಟ್ಟು ಸ್ವೀಕರಿಸಬೇಕು."

ಮುಖ್ಯಸ್ಥೆ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು.

"ಹಾಗನ್ನಬೇಡಿ. ನಿಮ್ಮ ಆರ್ಡರ್‌ಗಳಲ್ಲಿ ತಿನ್ನುವವರ ಕೈ ಸೇರಿದ್ದು ಇದೊಂದೇ."