ಮಗಳ ರಟ್ಟಿನ ಮನೆಯ ಈಶಾನ್ಯ ಮೂಲೆ

ಮನೆಯಲ್ಲಿ ಒಬ್ಬರು ಮನೆ ಕಟ್ಟುವ ವಿದ್ಯೆ ಕಲಿಯಲು ಹೊರಟರೆ, ಉಳಿದವರು ಇದ್ದ ಮನೆಯಲ್ಲಿ ನೆಮ್ಮದಿಯಾಗಿ ಇರುವಂತಿಲ್ಲ. ವಾರಕ್ಕೊಂದು ಅನಾಹುತ ನಡೆದೇ ನಡೆಯುತ್ತದೆ. ನಮ್ಮದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆಯ ಊರು. ನಾನು ಊರ ಶಾಲೆಯಲ್ಲಿ ಇದ್ದಷ್ಟು ಓದಿ, ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಪಂಚಾಂಗ ನೋಡಿಕೊಂಡು ಕಡಲೆಕಾಯಿ ಹೊಲಕ್ಕೆ ಹೋಗುವ ಮನುಷ್ಯ. ಮಗಳು ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಆರ್ಕಿಟೆಕ್ಚರ್ ಓದುತ್ತಾಳೆ. ಶನಿವಾರ ಊರಿಗೆ ಬಂದರೆ ಬ್ಯಾಗಿನಲ್ಲಿ ಬಟ್ಟೆಗಿಂತ ರಟ್ಟೇ ಜಾಸ್ತಿ. ಅಲ್ಲಿ ಡಿಸೈನ್ ಸ್ಟುಡಿಯೋ ಅಂತ ಒಂದು ವಿಷಯ ಇದೆ. ಅದಕ್ಕೆ ಪುಸ್ತಕ ಇಲ್ಲ, ಪಾಠ ಇಲ್ಲ. ಮಾಡಬೇಕು, ಒಯ್ದು ತೋರಿಸಬೇಕು, ಬೈಸಿಕೊಂಡು ಬರಬೇಕು. ಸಂಸಾರದ ಹಾಗೆಯೇ.

ಗೆರೆ

ಮೊದಲ ತಿಂಗಳು ಅವಳಿಗೆ ಕೊಟ್ಟ ಕೆಲಸ ಗೆರೆ ಎಳೆಯುವುದು. ಮಂಚದಷ್ಟು ಅಗಲದ ಹಾಳೆಯ ತುಂಬ, ಸ್ಕೇಲು ಇಡದೆ, ಬರೀ ಕೈಯಲ್ಲಿ, ನೆಟ್ಟಗೆ. ಒಂದು ಹಾಳೆ ಅಡ್ಡ ಗೆರೆ, ಒಂದು ಹಾಳೆ ಉದ್ದ ಗೆರೆ, ಆಮೇಲೆ ಓರೆ ಗೆರೆ. ನಾನು ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ಮೇಷ್ಟ್ರು ಸ್ಲೇಟಿನ ಮೇಲೆ ಇದನ್ನೇ ಮಾಡಿಸುತ್ತಿದ್ದರು. ಆಗ ಅದಕ್ಕೆ ಶಿಕ್ಷೆ ಅನ್ನುತ್ತಿದ್ದೆವು.

ಪಕ್ಕದ ಮನೆಯಾಕೆ ಬಂದು ನೋಡಿ, ಮೊಮ್ಮಗಳು ಅಲ್ಲಿ ಏನು ಕಲಿಯುತ್ತಾಳೆ ಅಂತ ನಮ್ಮವ್ವನನ್ನು ಕೇಳಿದಳು. ಅವ್ವ ಹಾಳೆಗಳನ್ನು ಒಂದು ಸಲ ಗಂಭೀರವಾಗಿ ನೋಡಿತು. “ಐದು ವರ್ಸದ ಓದು ಕಣಮ್ಮ. ಮೊದಲ್ನೇ ವರ್ಸ ಗೆರೆ, ಎರಡ್ನೇ ವರ್ಸ ಚುಕ್ಕಿ. ಮುಗಿಯೋ ಹೊತ್ಗೆ ರಂಗೋಲಿ ಪೂರ್ತಿ ಬರ್ತೈತೆ.”

ಅಳತೆ

ಗೆರೆ ಮುಗಿದ ಮೇಲೆ ಮನುಷ್ಯರನ್ನು ಅಳೆಯುವ ಕೆಲಸ. ನಿಂತಾಗ ಎಷ್ಟು, ಕೂತಾಗ ಎಷ್ಟು, ಕೈಚಾಚಿದರೆ ಎಷ್ಟು, ಮಲಗಿದರೆ ಎಷ್ಟು ಜಾಗ ಬೇಕು, ಎಲ್ಲ ಬರೆದುಕೊಂಡು ಹೋಗಬೇಕು. ಮಗಳು ಅವ್ವನನ್ನೇ ಆರಿಸಿಕೊಂಡಳು. ನಿಂತಿದ್ದು, ಕೂತಿದ್ದು ಆಯಿತು. ಮಲಗಿಸಿ ಅಳೆಯುವಾಗ ನನಗೆ ಎದೆ ಅಳುಕಿತು. ನಮ್ಮಲ್ಲಿ ಮಲಗಿದವರನ್ನು ಅಳೆಯುವುದು ಒಂದೇ ಸಲ, ಗುಂಡಿ ತೋಡುವುದಕ್ಕೆ. ಬೇಡ ಅಂದೆ. ಅವ್ವ ಕೇಳಬೇಕಲ್ಲ. “ಅಳೀಲಿ ಬುಡ್ಲಾ, ಜೀವ ಇರೋವಾಗ ಅಳುದ್ರೆ ಸರ್ಯಾಗಿ ಬತ್ತೈತೆ” ಅಂತ ನೆಲದ ಮೇಲೆ ನೆಟ್ಟಗೆ ಮಲಗಿ ಕಣ್ಣು ಮುಚ್ಚಿತು. ತಲೆಯ ಹತ್ತಿರ ನಾನು ಟೇಪು ಹಿಡಿದು ಕೂತೆ. ಕಾಲ ಹತ್ತಿರ ಮಗಳು ಬರೆದುಕೊಳ್ಳುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಜ್ಜಿಗೆಯನ್ನೂ ಮರೆತು ಹಿಂದಕ್ಕೆ ಓಡಿದಳು. ಮೊಬೈಲು ಬಂದ ಮೇಲೆ ಸಾವಿನ ಸುದ್ದಿಗೆ ಕಾಲು ಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾವಗಡದ ಬಲಸಮುದ್ರದಿಂದ ನಮ್ಮ ಸೋದರತ್ತೆ ಬಂದಿಳಿಯಿತು. ಅದರ ಮಾತು ಅರ್ಧ ತೆಲುಗು, ಅಳು ಪೂರ್ತಿ ತೆಲುಗು. “ವದಿನಾ, ಪೋತಿವಾ ವದಿನಾ” ಎಂದು ಬೀದಿ ತುದಿಯಿಂದ ಎದೆ ಬಡಿದುಕೊಂಡು ಬಂದು ನೋಡಿದರೆ, ಸತ್ತ ಅತ್ತಿಗೆ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದೆ.

ಅಷ್ಟರಲ್ಲಿ ಊರಲ್ಲಿ ಗುಂಡಿ ತೋಡುವಾತ ಹಾರೆ ಹೊತ್ತುಕೊಂಡು ಹಿತ್ತಲ ಕಡೆಯಿಂದ ಬಂದ. ಅವನು ಜಗಲಿ ನೋಡಿರಲಿಲ್ಲ. “ಅಳತೆ ತಗಂಡಿದ್ದೀರಂತೆ, ಎಷ್ಟವ್ವ?” ಅಂದ. ಮಗಳು ಪಾಪ, ಪುಸ್ತಕ ತೆರೆದು ಓದಿದಳು: “ನಾಕು ಅಡಿ ಹತ್ತು ಇಂಚು.”

ಜಗಲಿಯಿಂದ ಅವ್ವ ಕೂಗಿ ಹೇಳಿತು: “ಇನ್ನೊಂದರ್ಧ ಅಡಿ ಜಾಸ್ತಿ ತೋಡ್ಲಾ. ನಾನು ಕಾಲು ಚಾಚ್ಕಂಡು ಮಲಗೋಳು.”

ಒಂಬತ್ತು

ಮುಂದಿನ ಕೆಲಸ, ಒಂದು ಜೀವ ಇರಲು ಆಸರೆ ಕಟ್ಟುವುದು. ಊರಲ್ಲಿ ಸಿಗುವ ಸಾಮಾನಿನಲ್ಲೇ ಕಟ್ಟಬೇಕಂತೆ. ಮಗಳು ಈಚಲು ಗರಿ, ಕಡಲೆ ಬಳ್ಳಿ, ಸೆಣಬಿನ ದಾರದಲ್ಲಿ ಹುಲ್ಲಿನ ಗೂಡಿನಂಥದ್ದೊಂದನ್ನು ಕಟ್ಟಿದಳು. ನಿಜವಾಗಿಯೂ ಚೆನ್ನಾಗಿತ್ತು. ಒಣಗಲಿ ಎಂದು ಪಡಸಾಲೆಯ ಮೂಲೆಯಲ್ಲಿಟ್ಟು ಹಾಸ್ಟೆಲ್ಲಿಗೆ ಹೋದಳು.

ಮುಂದಿನ ಶನಿವಾರ ಬಂದು ನೋಡುತ್ತಾಳೆ, ನಮ್ಮ ಕಪ್ಪು ಕೋಳಿ ಅದರೊಳಗೆ ಕಾವಿಗೆ ಕೂತಿದೆ. ಕೈ ಹಾಕಿದರೆ ಕುಕ್ಕುತ್ತದೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಅವ್ವ ಅಡ್ಡ ನಿಂತಿತು. ನನಗೂ ಅದು ಸರಿ ಅನ್ನಿಸಿತು. ಮೊಟ್ಟೆಯೊಳಗಿನ ಜೀವದ ಪಾಪ ಯಾರಿಗೆ ಬೇಕು? ಕೊನೆಗೆ ಮಗಳು ಫೋಟೋ ಹೊಡೆದುಕೊಂಡು ಹೋದಳು. ಅಲ್ಲಿನ ಮೇಡಮ್ಮು ಫೋಟೋ ನೋಡಿ, ಉಳಿದವರ ಆಸರೆಗಳಲ್ಲಿ ಇರುವೆಯೂ ಇರುವುದಿಲ್ಲ, ನಿನ್ನದರಲ್ಲಿ ಬಾಡಿಗೆದಾರರೇ ಬಂದಿದ್ದಾರೆ ಎಂದು ಬಾಯಿ ತುಂಬ ಹೊಗಳಿದರಂತೆ. ಆದರೆ ನಿಯಮ ನಿಯಮವೇ. ವಸ್ತು ಮೇಜಿನ ಮೇಲೆ ಇಲ್ಲ.

ಆ ಸಲ ಮಗಳಿಗೆ ಬಂದದ್ದು ಸೊನ್ನೆ. ಕೋಳಿಗೆ ಒಂಬತ್ತು ಮರಿ.

ಕಿಂಡಿ

ನಗುವ ಮಾತಲ್ಲ, ಆ ಸೊನ್ನೆ ಕೂತಿದ್ದು ನೇರ ಕುತ್ತಿಗೆಯ ಮೇಲೆ. ಕೊನೆಯ ಪ್ರಾಜೆಕ್ಟಿನಲ್ಲಿ ಪಾಸಾಗದಿದ್ದರೆ ಇಡೀ ವರ್ಷ ಮತ್ತೆ ಕೂರಬೇಕು ಅಂದರು. ಮಗಳು ಊಟದ ಮುಂದೆ ಕೂತು, “ಇದೂ ಹೋದ್ರೆ ನಾನು ಆ ಕಾಲೇಜಿಗೆ ಮತ್ತೆ ಕಾಲಿಡಲ್ಲ ಅಪ್ಪ” ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ನಾನು ಆಂಜನೇಯಸ್ವಾಮಿಗೆ ವಡೆಹಾರ ಹರಕೆ ಹೊತ್ತೆ.

ಕೊನೆಯ ಕೆಲಸ, ನಿಜವಾದ ಮನುಷ್ಯರೊಬ್ಬರಿಗೆ ಮನೆಯ ನಕ್ಷೆ ಬರೆದು ರಟ್ಟಿನಲ್ಲಿ ಮಾಡಿ ತೋರಿಸುವುದು. ಮನೆ ಯಾರಿಗೋ ಅವರು ಕ್ಲೈಂಟು. ಇಲ್ಲಿಯೂ ಅವ್ವನೇ. ಏನು ಬೇಕು ಅಂತ ಕೇಳಬಾರದು, ದಿನ ಹೆಂಗೆ ಕಳೆಯುತ್ತೀರಿ ಅಂತ ಕೇಳಬೇಕು ಎಂಬುದು ಕಾಲೇಜಿನ ಪಾಠ. ಅವ್ವ ತನ್ನ ದಿನವನ್ನು ಹೇಳಿತು. ಬೀದಿಯಲ್ಲಿ ಹೋಗುವವರು ತನಗೆ ಕಾಣಬೇಕು, ತಾನು ಅವರಿಗೆ ಕಾಣಬಾರದು. ಕಕ್ಕಸು ಹಾಸಿಗೆಯಿಂದ ನಾಲ್ಕು ಹೆಜ್ಜೆಯಲ್ಲಿರಬೇಕು. ಮಲಗಿದಲ್ಲಿಂದಲೇ ಅಡುಗೆಮನೆಯ ಮಾತು ಕೇಳಿಸಬೇಕು.

ಮಗಳು ಒಂದನ್ನೂ ಬಿಡಲಿಲ್ಲ. ಬೀದಿಗೆ ಜಾಲರಿ ಕಿಟಕಿ, ಈಶಾನ್ಯಕ್ಕೆ ಅಜ್ಜಿಯ ಕೋಣೆ, ಅದರ ಮೂಲೆಗೇ ಕಕ್ಕಸು, ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಕಿವಿಯ ಎತ್ತರಕ್ಕೆ ಒಂದು ಕಿಂಡಿ.

ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಕ್ಷೆ ನೋಡಿದಳು. “ಚೆಂದಾಗೈತೆ ಮಗ. ಆ ಕಿಂಡಿ ಮುಚ್ಚಿದ ದಿನ ಹೇಳು, ಗೃಹಪ್ರವೇಶಕ್ಕೆ ಬತ್ತೀನಿ.”

ಈಶಾನ್ಯ

ಹೆಂಡತಿಗೆ ಕಿಂಡಿಯ ಚಿಂತೆಯಾದರೆ ನನಗೆ ಮೂಲೆಯ ಚಿಂತೆ. ಈಶಾನ್ಯ ದೇವಮೂಲೆ. ಅಲ್ಲಿ ಕಲಶ ಇಡುತ್ತಾರೆ, ಕಕ್ಕಸು ಇಡುವುದಿಲ್ಲ. ಮಗಳಿಗೆ ಹೇಳಿದೆ. “ಅಪ್ಪ, ಅದು ರಟ್ಟಿನ ಮನೆ” ಅಂದಳು. ರಟ್ಟಾದರೂ ದಿಕ್ಕು ದಿಕ್ಕೇ ಅಲ್ಲವೆ? ಒಂದು ವರ್ಷದ ಓದು ನಿಂತಿರುವುದೇ ಈ ಮನೆಯ ಮೇಲೆ. ದೇವರ ತಲೆಯ ಮೇಲೆ ಕಕ್ಕಸು ಕೂರಿಸಿ, ಅದೇ ದೇವರಿಗೆ ವಡೆಹಾರದ ಆಸೆ ತೋರಿಸುವುದು ಯಾವ ನ್ಯಾಯ?

ಪರೀಕ್ಷೆಯ ದಿನ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಳು. ನಾನು ಪೂಜೆ ಮುಗಿಸಿ, ಬ್ಲೇಡು ತೆಗೆದುಕೊಂಡು, ಬೆಂಕಿಪೊಟ್ಟಣದಷ್ಟಿದ್ದ ಆ ಕಕ್ಕಸನ್ನು ಮೆಲ್ಲಗೆ ಎಬ್ಬಿಸಿ ವಾಯವ್ಯಕ್ಕೆ ಅಂಟಿಸಿದೆ. ಈಶಾನ್ಯದಲ್ಲಿ ಒಂದು ಚಿಟಿಕೆ ಕುಂಕುಮ ಇಟ್ಟೆ. ಮಗಳು ಬಂದವಳೇ ಅವಸರದಲ್ಲಿ ಬಟ್ಟೆ ಮುಚ್ಚಿ ಕಟ್ಟಿದಳು. ಮಧುಗಿರಿಯಲ್ಲಿ ಬಸ್ಸು ಹತ್ತಿ ಅದನ್ನು ತೊಡೆಯ ಮೇಲೆ ನಾನೇ ಇಟ್ಟುಕೊಂಡೆ. ಕೊರಟಗೆರೆಯಲ್ಲಿ ಹತ್ತಿದ ಒಬ್ಬ ಮುದುಕಿ ಇದು ಯಾವ ದೇವರು ಅಂತ ಕೇಳಿ ಕೈ ಮುಗಿದಳು. ಶುಭಶಕುನ ಎಂದುಕೊಂಡೆ.

ಪರೀಕ್ಷೆಗೆ ಮೂವರು ಬಂದಿದ್ದರು: ಜುಟ್ಟು ಕಟ್ಟಿದ ಒಬ್ಬ ಹುಡುಗ, ಒಬ್ಬ ಮೇಡಮ್ಮು, ತಲೆ ನೆರೆತ ಒಬ್ಬ ಹಿರಿಯರು. ಮೂವರದೂ ಕಪ್ಪು ಬಟ್ಟೆ. ಶನಿದೇವರ ಪೂಜಾರಿಯೂ ಅಷ್ಟು ಕಪ್ಪು ಉಡುವುದಿಲ್ಲ. ನಾನು ತೆರೆದ ಬಾಗಿಲ ಹೊರಗೆ ನಿಂತೆ. ಮಗಳು ಬಟ್ಟೆ ತೆಗೆದಳು. ಹಿರಿಯರು ನಕ್ಷೆ ನೋಡಿದರು, ರಟ್ಟಿನ ಮನೆ ನೋಡಿದರು, ಮತ್ತೆ ನಕ್ಷೆ ನೋಡಿದರು.

“ನಕ್ಷೆಯಲ್ಲಿ ಟಾಯ್ಲೆಟ್ ಇಲ್ಲಿದೆ, ಮಾಡೆಲ್‌ನಲ್ಲಿ ಅಲ್ಲಿದೆ. ನಡಕೊಂಡು ಹೋಯ್ತೇನಮ್ಮ?”

ಮಗಳು ಮನೆಯನ್ನು ನೋಡಿದಳು. ಕುಂಕುಮ ನೋಡಿದಳು. ನಿಧಾನವಾಗಿ ತಲೆ ತಿರುಗಿಸಿ ಬಾಗಿಲಲ್ಲಿ ನನ್ನನ್ನು ನೋಡಿದಳು. ನಾನು ತೊಲೆ ನೋಡುತ್ತ ಆಂಜನೇಯನನ್ನು ನೆನೆದೆ.

“ಸರ್, ಡ್ರಾಯಿಂಗ್ ಮುಗಿದ ಮೇಲೆ ಕ್ಲೈಂಟ್ ಮಗ ಬಂದು ಜಾಗ ಬದಲಾಯಿಸಿದಾರೆ. ನನ್ನನ್ನ ಕೇಳಿಲ್ಲ.”

ಯಾವಾಗ ಅಂತ ಮೇಡಮ್ಮು ಕೇಳಿದರು. “ಬೆಳಗ್ಗೆ, ನಾನು ಸ್ನಾನಕ್ಕೆ ಹೋದಾಗ” ಅಂದಳು ಮಗಳು. ಮೊದಲು ನಕ್ಕಿದ್ದು ಜುಟ್ಟಿನ ಹುಡುಗ. ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಕ್ಲೈಂಟ್ ಮನೆಯವರ ಈ ಕಾಟ ನಮಗೆಲ್ಲ ಡಿಗ್ರಿ ಆದ ಮೇಲೆ ಶುರುವಾಗಿದ್ದು. ನಿನಗೆ ಮೊದಲನೇ ವರ್ಷವೇ ಸಿಕ್ಕಿತು” ಅಂದರು. ಆಮೇಲೆ ನಗು ನಿಲ್ಲಿಸಿ, ಹಾಗಾದರೆ ಈಗ ಅಜ್ಜಿಯ ಗತಿ ಏನು ಎಂದು ಕೇಳಿದರು.

ಮಗಳು ಪೆನ್ಸಿಲ್ ಎತ್ತಿಕೊಂಡಳು. ಅವರ ಕಣ್ಣೆದುರೇ, ಸ್ಕೇಲು ಇಡದೆ, ಬರೀ ಕೈಯಲ್ಲಿ, ನೆಟ್ಟಗೆ ಗೆರೆ ಎಳೆದು ಅಜ್ಜಿಯ ಕೋಣೆಯನ್ನೇ ಬೀದಿ ಕಡೆ ವಾಯವ್ಯಕ್ಕೆ ಒಯ್ದಳು. ಹಾಸಿಗೆಯಿಂದ ಕಕ್ಕಸಿಗೆ ಮತ್ತೆ ನಾಲ್ಕೇ ಹೆಜ್ಜೆ. ಅಡುಗೆಮನೆ ದೂರವಾದ್ದರಿಂದ ಕಿಂಡಿ ತಾನಾಗಿ ಮಾಯವಾಯಿತು. ಪಾಸು ಅಂದರು. ಸುದ್ದಿ ಕೇಳಿ ನನ್ನ ಹೆಂಡತಿ ಒಬ್ಬಟ್ಟು ಮಾಡಿದ್ದು ಪಾಸಾಗಿದ್ದಕ್ಕೋ ಕಿಂಡಿ ಹೋಗಿದ್ದಕ್ಕೋ, ಇವತ್ತಿಗೂ ತಿಳಿಯದು.

ಎಲ್ಲ ಮುಗಿದ ಮೇಲೆ ಆ ಹಿರಿಯರು ನೇರ ನನ್ನ ಕಡೆಗೇ ಬಂದರು. ಉಗಿಸಿಕೊಳ್ಳಲು ತಯಾರಾಗಿ ಕೈ ಮುಗಿದು ನಿಂತೆ. ಕಕ್ಕಸು ಕಿತ್ತಿದ್ದು ನೀವೇನಾ ಅಂದರು. ಹೌದು ಸ್ವಾಮಿ, ತಪ್ಪಾಯಿತು, ಅಂದೆ. ಅವರು ಹಿಂದೆ ಒಂದು ಸಲ ತಿರುಗಿ ನೋಡಿ, ಮಿಕ್ಕ ಇಬ್ಬರು ಕಾಫಿಗೆ ಹೋದದ್ದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು.

“ನಮ್ಮ ಮನೇಲೂ ಅದು ಈಶಾನ್ಯದಲ್ಲೇ ಇದೆ ಯಜಮಾನ್ರೆ. ನಕ್ಷೆ ನನ್ನದೇ. ಒಡೆಯದೇ ಏನಾದ್ರೂ ಪರಿಹಾರ ಇದೆಯಾ?”